ಮಿಯಾದ್ ಮುಗಿದ ಸಾಲ, ಮಿಯಾದ್ ಇಲ್ಲದ ಕೊಲೆ: ಉದಗೀರ, ನಿಲಂಗಾ, ಉಮರ್ಗಾದ 1948

ನಮ್ಮ ಉಪ್ಪನ ದಿನಸಿ ಅಂಗಡಿಗೆ ಬರುತ್ತಿದ್ದ ತೊಗರಿಬೇಳೆ ಗೋಣಿಗಳ ಮೇಲೆ ಹೆಚ್ಚಾಗಿ ಎರಡು ಊರಿನ ಹೆಸರು ಇರುತ್ತಿತ್ತು: ಲಾತೂರ್ ಮತ್ತು ಉದಗೀರ. ಚಿಕ್ಕಂದಿನಲ್ಲಿ ಆ ಹೆಸರುಗಳನ್ನು ಓದಿಯೇ ನಾನು ಅಕ್ಷರ ಕೂಡಿಸಲು ಕಲಿತದ್ದು. ಮುಂದೆ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದಾಗ, ಬೇಳೆ ಮಿಲ್ಲಿನ ಯಂತ್ರ ರಿಪೇರಿಗೆಂದು ಅದೇ ಉದಗೀರಕ್ಕೆ ಹೋಗುವ ಅವಕಾಶ ಬಂತು. ಅಲ್ಲಿಂದ ನಿಲಂಗಾ, ಉಮರ್ಗಾ ಕಡೆಗೂ ಓಡಾಡಿದೆ. ಬೀದರ್ ಗಡಿಗೆ ತಾಗಿಕೊಂಡೇ ಇರುವ ಊರುಗಳು ಇವು. ಸಂತೆಯಲ್ಲಿ ಮರಾಠಿ, ದಖನಿ ಉರ್ದು ಮತ್ತು ಕನ್ನಡ ಮೂರೂ ಕಿವಿಗೆ ಬೀಳುತ್ತವೆ.

ಒಂದು ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದ ವಯಸ್ಸಾದ ಮುನೀಮರೊಬ್ಬರಿದ್ದರು. ಎಲಿವೇಟರಿನ ಬೇರಿಂಗ್ ಬರುವುದು ತಡವಾದ ದಿನ ಅವರ ಜೊತೆ ಚಹಾ ಕುಡಿಯುತ್ತಾ ಕೂತಿದ್ದೆ. ನಾನು ಮಂಗಳೂರು ಕಡೆಯ ಬ್ಯಾರಿ ಎಂದು ಗೊತ್ತಾದ ಮೇಲೆ ಅವರ ಮಾತು ಸಲೀಸಾಯಿತು. 1948ರ ಪೊಲೀಸ್ ಆ್ಯಕ್ಷನ್ ಸಮಯದಲ್ಲಿ ಅವರಿಗೆ ಒಂಬತ್ತು ವರ್ಷ. ಅವರ ದೊಡ್ಡಪ್ಪ ಆ ವಾರ ಮನೆಯಿಂದ ಹೊರಗೆ ಹೋದವರು ಮತ್ತೆ ಬರಲಿಲ್ಲ. "ನಮ್ಮನ್ನ ಉಳಿಸಿದವರೂ ಅದೇ ಓಣಿಯವರೇ" ಎಂದೂ ಹೇಳಿದರು. ನಾನು ಸುಮ್ಮನಿರಲಾರದೆ, "ಕೇಸ್ ಏನೂ ಆಗಲಿಲ್ಲವಾ ಚಾಚಾ?" ಎಂದು ಕೇಳಿದೆ. ಅವರು ನಕ್ಕರು. "ಅದರ ಮಿಯಾದ್ ಮುಗದು ಹೋಗ್ಯಾದ ಬೇಟಾ. ಈಗ ಯಾರ ಮ್ಯಾಲ ಕೇಸ ಹಾಕ್ತಿ?"

ಮಿಯಾದ್ ಎಂದರೆ ವಾಯಿದೆ, ಕಾಲಮಿತಿ. ನಿಜಾಮರ ಕಾಲದ ಕೋರ್ಟು ಉರ್ದುವಿನಿಂದ ಉಳಿದುಕೊಂಡ ಮಾತು. ಅವರು ಹೇಳಿದ್ದು ಸರಿಯೇ? ಕೊಲೆಗೂ ಮಿಯಾದ್ ಇದೆಯೇ? ವರ್ಷಗಳು ಕಳೆದ ಮೇಲೆ ಸರಕಾರ ಕಾನೂನು ಬದಲಾಯಿಸಿದರೆ ಹಳೆಯ ಅಪರಾಧಕ್ಕೆ ಅದು ಹೇಗೆ ತಾಗುತ್ತದೆ? ನಾನು ವಕೀಲನಲ್ಲ. ಆದರೆ ಆ ದಿನದಿಂದ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಓದಿ, ಗೊತ್ತಿರುವವರನ್ನು ಕೇಳಿ, ನನಗೆ ಅರ್ಥವಾದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಐದು ದಿನ ಮತ್ತು ಆಮೇಲೆ

1947ರಲ್ಲಿ ದೇಶ ಸ್ವತಂತ್ರವಾದಾಗ ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೆ ಸೇರಲಿಲ್ಲ. ಆಗ ರಝಾಕಾರರ ಪಡೆ ಬೆಳೆಯಿತು. ಅದರ ನಾಯಕ ಖಾಸಿಂ ರಝ್ವಿ ಲಾತೂರಿನಲ್ಲಿ ವಕೀಲನಾಗಿದ್ದವನು. ರಝಾಕಾರರು ಈ ಗಡಿಯ ಹಳ್ಳಿಗಳಲ್ಲಿ ಮಾಡಿದ ಅನ್ಯಾಯವನ್ನು ಮುಚ್ಚಿಟ್ಟು ಈ ಇತಿಹಾಸ ಹೇಳಲಾಗದು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಹತ್ಯಾಕಾಂಡವನ್ನು ಅಲ್ಲಿನ ಜನ ಇಂದಿಗೂ ಮರೆತಿಲ್ಲ.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಗೆ ಬಂತು. ಮುಖ್ಯ ತುಕಡಿ ಸೋಲಾಪುರದಿಂದ ನಳದುರ್ಗದ ದಾರಿಯಾಗಿ ಬಂದು ಉಮರ್ಗಾದಲ್ಲಿ ತಂಗಿ, ಮಾರನೆಯ ದಿನ ರಾಜೇಶ್ವರದ ಕಡೆಗೆ ಹೊರಟಿತು. ಸೆಪ್ಟೆಂಬರ್ 17ಕ್ಕೆ ನಿಜಾಮರು ಸೋಲೊಪ್ಪಿದರು. 18ರಂದು ಅವರ ಸೇನೆ ಮೇಜರ್ ಜನರಲ್ ಜೆ.ಎನ್. ಚೌಧುರಿಯವರಿಗೆ ಶರಣಾಯಿತು. ಯುದ್ಧ ಮುಗಿಯಿತು. ಆದರೆ ಅದರ ಬೆನ್ನಿಗೇ ಹಳ್ಳಿಹಳ್ಳಿಗಳಲ್ಲಿ ಮುಸ್ಲಿಮರ ಮೇಲೆ ಸೇಡಿನ ಹತ್ಯೆ, ಲೂಟಿ, ಮನೆ ಸುಡುವುದು, ಹೆಂಗಸರ ಅಪಹರಣ ಶುರುವಾಯಿತು.

ಸರಕಾರದ ಕಡೆಯಿಂದಲೇ ಒಂದು ತಂಡ ಹೋಯಿತು. ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫ್ಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ 1948ರ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಜಿಲ್ಲೆಗಳನ್ನು ಸುತ್ತಿದರು. ಪೊಲೀಸ್ ಆ್ಯಕ್ಷನ್ ಸಮಯದಲ್ಲಿ ಮತ್ತು ನಂತರ ಸತ್ತವರು 27,000ದಿಂದ 40,000 ಎಂದು ಅವರ ಅಂದಾಜು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲಬರ್ಗಾ, ಬೀದರ್ ಮತ್ತು ನಾಂದೇಡ್. ಈ ನಾಲ್ಕರಲ್ಲೇ 18,000ಕ್ಕೆ ಕಡಿಮೆಯಿಲ್ಲ ಎಂದರು. ರಝಾಕಾರರಿಂದ ಅತಿ ಹೆಚ್ಚು ನೊಂದವರೂ ಇದೇ ಜಿಲ್ಲೆಗಳವರು ಎಂದೂ ಬರೆದರು. ತಮ್ಮ ಜೀವ ಕೊಟ್ಟು ಮುಸ್ಲಿಂ ನೆರೆಯವರನ್ನು ಕಾಪಾಡಿದ ಹಿಂದೂಗಳ ಬಗ್ಗೆ, ಅದರಲ್ಲೂ ಮುಸ್ಲಿಂ ನೇಕಾರರನ್ನು ಉಳಿಸಿದ ಹಿಂದೂ ನೇಕಾರರ ಬಗ್ಗೆ, ವರದಿ ಮನಸ್ಸು ತುಂಬಿ ಹೇಳುತ್ತದೆ.

ಆಗ ಉದಗೀರ ಮತ್ತು ನಿಲಂಗಾ ಬೀದರ್ ಜಿಲ್ಲೆಯ ತಾಲೂಕುಗಳು, ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯದು. ಅಂದರೆ ನಾನು ಬೇಳೆ ಮಿಲ್ಲಿಗಾಗಿ ಓಡಾಡಿದ ಮೂರೂ ಊರು ಆ ನಾಲ್ಕು ಜಿಲ್ಲೆಗಳ ಒಳಗೇ ಬರುತ್ತವೆ. ಆ ವರದಿಯನ್ನು ಸರಕಾರ ಪ್ರಕಟಿಸಲಿಲ್ಲ. ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಜನರಿಗೆ ನೋಡಲು ಸಿಕ್ಕಿದ್ದು 2013ರಲ್ಲಿ. ನಡುವೆ 65 ವರ್ಷ.

ಮಿಯಾದ್ ಯಾಕೆ ಬೇಕು?

ನಮ್ಮ ಅಂಗಡಿಯ ಉದ್ರಿ ಪುಸ್ತಕದಿಂದಲೇ ಶುರು ಮಾಡುತ್ತೇನೆ. ಸಾಲ ವಸೂಲಿಗೆ ಕೋರ್ಟಿಗೆ ಹೋಗಲು ಮೂರು ವರ್ಷದ ವಾಯಿದೆ ಎಂಬುದು ಉಪ್ಪನಿಗೆ ಗೊತ್ತಿತ್ತು. ಹಾಗಾಗಿ ದೊಡ್ಡ ಬಾಕಿ ಇದ್ದವರ ಹತ್ತಿರ ವರ್ಷಕ್ಕೊಮ್ಮೆ "ಇಷ್ಟು ಬಾಕಿ ಇದೆ" ಎಂದು ಬರೆಸಿ ಸಹಿ ಹಾಕಿಸುತ್ತಿದ್ದರು. ವಾಯಿದೆ ಮುಗಿಯುವ ಮೊದಲು ಸಾಲಗಾರ ಹಾಗೆ ಒಪ್ಪಿ ಸಹಿ ಹಾಕಿದರೆ ಮೂರು ವರ್ಷ ಹೊಸದಾಗಿ ಶುರು. ಮುಗಿದ ಮೇಲಾದರೆ ಆ ಸಹಿ ಸಾಲದು. ಕೊಡುತ್ತೇನೆಂದು ಅವನೇ ಹೊಸದಾಗಿ ಬರೆದುಕೊಡಬೇಕು.

ಇದರ ಹಿಂದೆ ನ್ಯಾಯವಿದೆ. ಹತ್ತು ವರ್ಷದ ಹಿಂದಿನ ಬಾಕಿಯನ್ನು ಈಗ ಕೇಳಿದರೆ, ಕೊಟ್ಟವನ ಹತ್ತಿರವೂ ರಶೀದಿ ಇರುವುದಿಲ್ಲ. ಸಾಕ್ಷಿ ಸತ್ತಿರುತ್ತಾರೆ, ನೆನಪು ಮಸುಕಾಗಿರುತ್ತದೆ. ಸುಳ್ಳು ಹೇಳುವವನಿಗೆ ಅನುಕೂಲ, ನಿರಪರಾಧಿಗೆ ತೊಂದರೆ.

ಆದರೆ ಅಪರಾಧದ ವಿಷಯದಲ್ಲಿ ಬ್ರಿಟಿಷರ 1898ರ ದಂಡ ಪ್ರಕ್ರಿಯಾ ಸಂಹಿತೆ ಇಂಥ ಸಾಮಾನ್ಯ ವಾಯಿದೆ ಇಟ್ಟಿರಲಿಲ್ಲ. ಸರಕಾರದ ವಿರುದ್ಧ ಕಾಲ ಓಡುವುದಿಲ್ಲ ಎಂಬುದು ಇಂಗ್ಲಿಷರ ಹಳೆಯ ತತ್ವ. ಹೈದರಾಬಾದಿಗೆ ತನ್ನದೇ ದಂಡ ಸಂಹಿತೆ ಇತ್ತು. 1951ರ ಏಪ್ರಿಲ್ 1ರಿಂದ ಭಾರತದ ದಂಡ ಸಂಹಿತೆಯೂ ಪ್ರಕ್ರಿಯಾ ಸಂಹಿತೆಯೂ ಅಲ್ಲಿಗೆ ಬಂದವು.

ಬದಲಾದದ್ದು 1974ರ ಏಪ್ರಿಲ್ 1ರಂದು. 1973ರ ಹೊಸ ಸಿಆರ್‌ಪಿಸಿ ಅಂದು ಜಾರಿಗೆ ಬಂತು. ಅದರ 468ನೇ ಕಲಂ ಮೊದಲ ಬಾರಿಗೆ ಸಣ್ಣ ಅಪರಾಧಗಳಿಗೆ ವಾಯಿದೆ ಹಾಕಿತು. ಬರೀ ದಂಡದ ಅಪರಾಧಕ್ಕೆ 6 ತಿಂಗಳು. ಒಂದು ವರ್ಷದವರೆಗೆ ಜೈಲು ಇರುವುದಕ್ಕೆ 1 ವರ್ಷ. ಒಂದರಿಂದ ಮೂರು ವರ್ಷದವರೆಗೆ ಜೈಲು ಇರುವುದಕ್ಕೆ 3 ವರ್ಷ. ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಕ್ಕೆ ವಾಯಿದೆಯೇ ಇಲ್ಲ.

ಇದನ್ನು 1948ಕ್ಕೆ ಹಿಡಿದು ನೋಡಿ. ಕೊಲೆ, ಡಕಾಯಿತಿ, ಅತ್ಯಾಚಾರ, ಅಪಹರಣ, ಜನ ಇರುವ ಮನೆಗೆ ಬೆಂಕಿ ಇವುಗಳಿಗೆ 1974ರ ಮೊದಲೂ ವಾಯಿದೆ ಇರಲಿಲ್ಲ, ಆಮೇಲೂ ಬರಲಿಲ್ಲ. ಸಾಮಾನ್ಯ ಕಳ್ಳತನ, ಗಲಭೆ, ಮನೆಯೊಳಗೆ ನುಗ್ಗುವುದು, ಹೊಡೆತ, ಮಸೀದಿಯನ್ನೋ ದೇವಸ್ಥಾನವನ್ನೋ ಕೆಡಿಸುವುದು ಇವೆಲ್ಲ ಒಂದು ಅಥವಾ ಮೂರು ವರ್ಷದ ಪಟ್ಟಿಯಲ್ಲಿ ಬಿದ್ದವು. ಹಾಗಾಗಿ 1974ರ ನಂತರ ಯಾರಾದರೂ 1948ರಲ್ಲಿ ಎಮ್ಮೆ ಕದ್ದರು ಎಂದು ಹೋದರೆ, ಕೋರ್ಟು ಮೊದಲು ಕೇಳುವುದೇ ತಡ ಯಾಕೆ ಎಂದು. ಕೊಲೆಯ ದೂರಿಗೆ ಆ ಅಡ್ಡಿ ಇಲ್ಲ.

ಅಂದರೆ ಮುನೀಮ್ ಚಾಚಾ ಹೇಳಿದ್ದು ಕಾನೂನಿನ ಪ್ರಕಾರ ತಪ್ಪು. ಅವರ ದೊಡ್ಡಪ್ಪನದು ಕೊಲೆಯಾಗಿದ್ದರೆ ಅದರ ಮಿಯಾದ್ ಮುಗಿದಿಲ್ಲ.

ಇನ್ನೊಂದು ವಿಷಯ. ಅದೇ 1974ರಲ್ಲಿ ಸಂಸತ್ತು ಇನ್ನೊಂದು ಕಾಯ್ದೆ ಮಾಡಿ, ತೆರಿಗೆಯಂಥ ಆರ್ಥಿಕ ಅಪರಾಧಗಳಿಗೆ ಈ ವಾಯಿದೆ ಅನ್ವಯಿಸದು ಎಂದಿತು. ತನಗೆ ಬರಬೇಕಾದ ಹಣದ ವಿಷಯದಲ್ಲಿ ಸರಕಾರ ಎಚ್ಚರವಾಗಿಯೇ ಇತ್ತು.

ಕಾನೂನು ಹಿಂದಕ್ಕೆ ಹೋಗಬಹುದೇ?

ನಮ್ಮ ಸಂವಿಧಾನದ 20(1)ನೇ ವಿಧಿ ಹೇಳುವುದು ಇಷ್ಟು: ಮಾಡಿದ ಹೊತ್ತಿಗೆ ಅಪರಾಧವಲ್ಲದ ಕೆಲಸಕ್ಕೆ ಆಮೇಲೆ ಕಾನೂನು ಮಾಡಿ ಶಿಕ್ಷೆ ಕೊಡುವಂತಿಲ್ಲ. ಆಗ ಇದ್ದದ್ದಕ್ಕಿಂತ ಹೆಚ್ಚು ಶಿಕ್ಷೆಯನ್ನೂ ಕೊಡುವಂತಿಲ್ಲ. ಆದರೆ ವಿಚಾರಣೆ ಯಾವ ಕೋರ್ಟಿನಲ್ಲಿ, ಯಾವ ಕ್ರಮದಲ್ಲಿ ಎಂಬುದು ಬೇರೆ ವಿಷಯ. ಹಳೆಯ ಕೋರ್ಟೇ ಬೇಕು, ಹಳೆಯ ಕ್ರಮವೇ ಬೇಕು ಎಂಬ ಹಕ್ಕು ಆರೋಪಿಗೆ ಇಲ್ಲ ಎಂದು ಸುಪ್ರೀಂ ಕೋರ್ಟ್ 1953ರಲ್ಲಿ ರಾವ್ ಶಿವ್ ಬಹಾದೂರ್ ಸಿಂಗ್ ಪ್ರಕರಣದಲ್ಲಿ ಹೇಳಿತು.

ಅದೇ ವರ್ಷ ಹೈದರಾಬಾದಿನ ಪ್ರಕರಣವೂ ಸುಪ್ರೀಂ ಕೋರ್ಟಿಗೆ ಬಂದಿತ್ತು. ಖಾಸಿಂ ರಝ್ವಿಯ ಮೇಲಿದ್ದದ್ದು 1948ರ ಜನವರಿಯ ಬೀಬಿನಗರ ದಾಳಿಯ ಕೇಸು. ವಿಚಾರಣೆ ನಡೆಸಿದ ವಿಶೇಷ ನ್ಯಾಯಮಂಡಳಿಯನ್ನು ಮಾಡಿದ್ದು ಪೊಲೀಸ್ ಆ್ಯಕ್ಷನ್ ನಂತರ, ಮಿಲಿಟರಿ ಗವರ್ನರ್ ಆಡಳಿತದಲ್ಲಿ. ಅಪರಾಧ ಮೊದಲು, ಕೋರ್ಟು ಆಮೇಲೆ. ಈ ವಿಶೇಷ ಕ್ರಮ ಸಮಾನತೆಗೆ ವಿರುದ್ಧ ಎಂದು ರಝ್ವಿ ವಾದಿಸಿದ. ಬಹುಮತದ ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಅವನು ಶಿಕ್ಷೆ ಮುಗಿಸಿ 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ಎಲ್ಲ ಕೇಸೂ ಹೀಗೇ ಮುಗಿಯಲಿಲ್ಲ. ವಾರಂಗಲ್ಲಿನ ಸುಬೇದಾರ್ ಹಬೀಬ್ ಮೊಹಮ್ಮದ್ ಅವರ ಶಿಕ್ಷೆಯನ್ನು ಅದೇ ಸುಪ್ರೀಂ ಕೋರ್ಟ್ 1953ರಲ್ಲೇ ರದ್ದು ಮಾಡಿತು. ನಮ್ಮಲ್ಲಿ ಕೆಲವರು ಕೋರ್ಟು ಒಂದೇ ಕಡೆಗೆ ಎಂದು ಮಾತು ಮುಗಿಸಿಬಿಡುತ್ತಾರೆ. ಅಂಥವರು ಈ ಎರಡು ತೀರ್ಪುಗಳನ್ನು ಒಟ್ಟಿಗೆ ನೋಡಬೇಕು.

ವಾಯಿದೆಯ ಕಾನೂನು ಈ ಎರಡರ ನಡುವೆ ನಿಲ್ಲುತ್ತದೆ. ಅದು ಶಿಕ್ಷೆಯನ್ನು ಹೆಚ್ಚಿಸುವುದಿಲ್ಲ, ಹೊಸ ಅಪರಾಧವನ್ನೂ ಹುಟ್ಟಿಸುವುದಿಲ್ಲ. ಆದರೂ ಮನುಷ್ಯ ಜೈಲಿಗೆ ಹೋಗುತ್ತಾನೋ ಇಲ್ಲವೋ ಎಂಬುದನ್ನು ಅದೇ ತೀರ್ಮಾನಿಸಿಬಿಡಬಹುದು.

ನನಗೆ ಇದು ಅರ್ಥವಾದದ್ದು ಯಂತ್ರದ ವಾರಂಟಿಯಿಂದ. ಕಂಪೆನಿ ಒಂದು ವರ್ಷದ ವಾರಂಟಿಯನ್ನು ಎರಡು ವರ್ಷ ಮಾಡಿತು ಎಂದುಕೊಳ್ಳಿ. ಎಂಟು ತಿಂಗಳ ಹಿಂದೆ ಕೊಂಡವನ ವಾರಂಟಿ ಇನ್ನೂ ಜೀವಂತವಿದೆ. ಅವನಿಗೆ ಹೆಚ್ಚುವರಿ ವರ್ಷ ಕೊಟ್ಟರೆ ಯಾರೂ ತಕರಾರು ಮಾಡುವುದಿಲ್ಲ. ಐದು ವರ್ಷದ ಹಿಂದೆ ಕೊಂಡು ವಾರಂಟಿ ಸತ್ತವನು ಬಂದು ನನಗೂ ಕೊಡಿ ಎಂದರೆ? ವಾಯಿದೆಯ ಪ್ರಶ್ನೆಯಲ್ಲಿ ಜಗತ್ತಿನ ಕೋರ್ಟುಗಳು ಗೆರೆ ಎಳೆದದ್ದು ಹೆಚ್ಚಾಗಿ ಇಲ್ಲೇ.

ಜರ್ಮನಿಯಲ್ಲಿ ಕೊಲೆಗೆ 20 ವರ್ಷದ ವಾಯಿದೆ ಇತ್ತು. 1945ರ ಮೇಯಿಂದ ಲೆಕ್ಕ ಹಾಕಿದರೆ ನಾಜಿಗಳ ಕೊಲೆಗಳ ವಾಯಿದೆ 1965ರ ಮೇಗೆ ಮುಗಿಯಬೇಕು. ಆಗ ಅಲ್ಲಿನ ಸಂಸತ್ತು, 1949ರ ಕೊನೆಯವರೆಗಿನ ಕಾಲವನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದಿತು. 1969ರಲ್ಲಿ ವಾಯಿದೆಯನ್ನು 30 ವರ್ಷ ಮಾಡಿತು, 1979ರಲ್ಲಿ ಕೊಲೆಗೆ ವಾಯಿದೆಯನ್ನೇ ತೆಗೆದುಹಾಕಿತು. ಮೂರು ಸಲವೂ ಗಡಿಯಾರ ನಿಲ್ಲುವ ಮೊದಲೇ ಕೀ ಕೊಟ್ಟರು. ಮೊದಲ ಬದಲಾವಣೆಯನ್ನು ಅಲ್ಲಿನ ಸಂವಿಧಾನ ನ್ಯಾಯಾಲಯವೂ 1969ರಲ್ಲಿ ಒಪ್ಪಿತು.

ಅಮೆರಿಕದ ಕ್ಯಾಲಿಫೋರ್ನಿಯಾ ಇನ್ನೊಂದು ದಾರಿ ಹಿಡಿಯಿತು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಹಳೆಯ ಪ್ರಕರಣಗಳಲ್ಲಿ, ವಾಯಿದೆ ಎಂದೋ ಮುಗಿದಿದ್ದರೂ ಮತ್ತೆ ಕೇಸು ಹಾಕಬಹುದು ಎಂದು ಕಾನೂನು ಮಾಡಿತು. 2003ರಲ್ಲಿ ಸ್ಟೋಗ್ನರ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5-4ರ ಅಂತರದಲ್ಲಿ ಅದನ್ನು ತಳ್ಳಿಹಾಕಿತು. ಸತ್ತ ವಾಯಿದೆಗೆ ಜೀವ ಕೊಡುವಂತಿಲ್ಲ ಎಂದು ಐವರು, ನೊಂದ ಮಕ್ಕಳಿಗೆ ನ್ಯಾಯ ಬೇಡವೇ ಎಂದು ನಾಲ್ವರು.

ನಮ್ಮಲ್ಲಿ ಸಿವಿಲ್ ಕೇಸುಗಳಲ್ಲೂ ಇದೇ ಗೆರೆ ಇದೆ. 1995ರ ವಕ್ಫ್ ಕಾಯ್ದೆಯ 107ನೇ ಕಲಂ ವಕ್ಫ್ ಆಸ್ತಿ ವಾಪಸು ಪಡೆಯಲು ವಾಯಿದೆ ಇಲ್ಲ ಎಂದಿತ್ತು. ಆದರೆ ಅದಕ್ಕೂ ಮೊದಲೇ ವಾಯಿದೆ ಮುಗಿದು ಹಕ್ಕು ಹೋಗಿಬಿಟ್ಟಿದ್ದರೆ ಈ ಕಲಂ ಅದನ್ನು ಎಬ್ಬಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ತಮಿಳುನಾಡಿನ ಒಂದು ವಕ್ಫಿನ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಜಮಾಅತಿನ ಆಸ್ತಿ ನೋಡಿಕೊಳ್ಳುವವರಿಗೆ ಇದು ಗೊತ್ತಿರಬೇಕು.

ಕಾನೂನಿನ ಮಿಯಾದ್, ಕಾಗದದ ಮಿಯಾದ್

ದೊಡ್ಡ ಅಪರಾಧಕ್ಕೆ ವಾಯಿದೆ ಇಲ್ಲ ಎಂಬುದು ಬರೀ ಪುಸ್ತಕದ ಮಾತಲ್ಲ. 1987ರ ಹಾಶಿಂಪುರ ಹತ್ಯಾಕಾಂಡದಲ್ಲಿ ಪಿಎಸಿಯ 16 ಮಂದಿಗೆ ಶಿಕ್ಷೆಯಾದದ್ದು 2018ರ ಅಕ್ಟೋಬರಿನಲ್ಲಿ, 31 ವರ್ಷದ ಮೇಲೆ. 1984ರ ಸಿಖ್ ಹತ್ಯೆಗಳಲ್ಲಿ ಸಜ್ಜನ್ ಕುಮಾರ್‌ಗೆ ದಿಲ್ಲಿ ಹೈಕೋರ್ಟ್ ಶಿಕ್ಷೆ ಕೊಟ್ಟದ್ದು ಅದೇ ವರ್ಷ ಡಿಸೆಂಬರಿನಲ್ಲಿ, 34 ವರ್ಷದ ಮೇಲೆ. ಎರಡು ಕಡೆಯೂ ಬದುಕಿ ಉಳಿದವರು ಬಿಡದೆ ನಿಂತರು, ಕಾಗದ ಉಳಿದಿತ್ತು.

1948ರಲ್ಲಿ ಕಾಗದದ ಕಥೆ ಬೇರೆ. ಹೈದರಾಬಾದ್ ಆಡಳಿತದ ಬರಹ ಉರ್ದುವಿನಲ್ಲಿ. 1956ರ ನವೆಂಬರ್ 1ರಂದು ರಾಜ್ಯಗಳನ್ನು ಹಂಚಿದಾಗ ಬೀದರ್ ಮೈಸೂರಿಗೆ ಬಂತು. ಆದರೆ ಅದರ ಉದಗೀರ, ನಿಲಂಗಾ, ಅಹಮದ್‌ಪುರ ತಾಲೂಕುಗಳು ಬೊಂಬಾಯಿ ರಾಜ್ಯಕ್ಕೆ ಹೋದವು. (ಅದೇ ದಿನ ನಮ್ಮ ದಕ್ಷಿಣ ಕನ್ನಡದಿಂದ ಕಾಸರಗೋಡು ಕೇರಳಕ್ಕೆ ಹೋಯಿತು. ಒಂದೇ ಮನೆಯ ಅಣ್ಣ ತಮ್ಮಂದಿರ ರೇಶನ್ ಕಾರ್ಡು ಎರಡು ರಾಜ್ಯದ್ದಾದರೆ ಹೇಗಿರುತ್ತದೆ ಎಂದು ನಮಗೆ ಬೇರೆಯವರು ಹೇಳಬೇಕಿಲ್ಲ.) 1960ರಲ್ಲಿ ಅವು ಮಹಾರಾಷ್ಟ್ರಕ್ಕೆ, 1982ರಲ್ಲಿ ಉಸ್ಮಾನಾಬಾದ್ ಒಡೆದು ಹೊಸದಾದ ಲಾತೂರ್ ಜಿಲ್ಲೆಗೆ ಸೇರಿದವು. ಉಮರ್ಗಾ ಉಸ್ಮಾನಾಬಾದಿನಲ್ಲೇ ಉಳಿಯಿತು, ಈಗ ಆ ಜಿಲ್ಲೆಯ ಹೆಸರು ಧಾರಾಶಿವ. ನಿಲಂಗಾದ ಒಬ್ಬ ವಿಧವೆ ತನ್ನ ಜೀವಮಾನದಲ್ಲಿ ನಾಲ್ಕು ಸರಕಾರಿ ವಿಳಾಸ ನೋಡಿರಬೇಕು, ಮನೆ ಮಾತ್ರ ಅಲ್ಲೇ. ಎಲ್ಲಿ ಅರ್ಜಿ ಕೊಡಬೇಕು, ಯಾವ ಭಾಷೆಯಲ್ಲಿ ಕೊಡಬೇಕು?

1948ರಲ್ಲಿ 25 ವರ್ಷವಿದ್ದ ಕೊಲೆಗಾರನಿಗೆ ಈಗ ನೂರು ದಾಟಿದೆ. ಸತ್ತವನ ಮೇಲೆ ಕೇಸು ನಡೆಯುವುದಿಲ್ಲ. ಚಾಚಾ ಮಿಯಾದ್ ಎಂದದ್ದು ಇದನ್ನೇ ಇರಬೇಕು ಎಂದು ಈಗ ಅನಿಸುತ್ತದೆ. ಕಾನೂನು ಅವರಿಗೆ ಬಾಗಿಲು ಮುಚ್ಚಿರಲಿಲ್ಲ. ಬಾಗಿಲವರೆಗೆ ಕರೆದುಕೊಂಡು ಹೋಗುವವರು ಯಾರೂ ಬರಲಿಲ್ಲ, ಅಷ್ಟರಲ್ಲಿ ಒಳಗೆ ಕೂರಬೇಕಾದವರೂ ಹೊರಗೆ ನಿಲ್ಲಬೇಕಾದವರೂ ತೀರಿಹೋದರು.

ಯುದ್ಧಾಪರಾಧ ಮತ್ತು ಮಾನವತೆಯ ಮೇಲಿನ ಅಪರಾಧಗಳಿಗೆ ವಾಯಿದೆ ಇರಬಾರದು ಎಂಬ ವಿಶ್ವಸಂಸ್ಥೆಯ 1968ರ ಒಪ್ಪಂದಕ್ಕೆ ಭಾರತವೂ ಸೇರಿದೆ. ಆದರೆ ಮಾನವತೆಯ ಮೇಲಿನ ಅಪರಾಧ ಎಂಬ ಕಲಂ ನಮ್ಮ ದೇಶದ ಕಾನೂನಿನಲ್ಲಿ ಇಲ್ಲ. ಸಜ್ಜನ್ ಕುಮಾರ್ ತೀರ್ಪಿನಲ್ಲಿ ದಿಲ್ಲಿ ಹೈಕೋರ್ಟ್ ಈ ಕೊರತೆಯನ್ನು ಎತ್ತಿ ಹೇಳಿದೆ.

ನಮ್ಮ ಮನೆಯ ಪುಟ

ಇದು ದೂರದ ಕಥೆ ಎಂದು ಅನಿಸಬಹುದು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಗಲಾಟೆಯ ರಾತ್ರಿ ನಮ್ಮ ಅಂಗಡಿಗೆ ಕಲ್ಲು ಬಿತ್ತು. ಗಾಜಿನ ಭರಣಿ ಒಡೆದವು, ಹೊರಗಿದ್ದ ಅಕ್ಕಿ ಗೋಣಿಗಳನ್ನು ಚರಂಡಿಗೆ ಸುರಿದರು. ಯಾರು ಎಂದು ಉಪ್ಪನಿಗೆ ಗೊತ್ತಿತ್ತು. ಉಮ್ಮ ದೂರು ಕೊಡಿ ಎಂದರು. "ನಾಳೆ ಅವರೇ ಗಿರಾಕಿಗಳು" ಎಂದು ಉಪ್ಪ ಕೊಡಲಿಲ್ಲ. ಆದರೆ ಉದ್ರಿ ಪುಸ್ತಕದ ಕೊನೆಯ ಪುಟದಲ್ಲಿ ತಾರೀಕು, ಹೋದ ಸಾಮಾನು, ಅದರ ಬೆಲೆ ಬರೆದಿಟ್ಟರು. ಹೆಸರು ಬರೆಯಲಿಲ್ಲ. ಹಾನಿ ಮಾಡಿದ ಆ ಅಪರಾಧಕ್ಕೆ ಐಪಿಸಿಯಲ್ಲಿ ಎರಡು ವರ್ಷದವರೆಗೆ ಶಿಕ್ಷೆ, ಅಂದರೆ ವಾಯಿದೆ ಮೂರು ವರ್ಷ. ನಾನು ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ಅದು ಮುಗಿದಿತ್ತು.

ಹಾಗಾಗಿ ಕೆಲವು ಮಾತು ನೆನಪಿಡಿ. 2024ರ ಜುಲೈ 1ರಿಂದ ಸಿಆರ್‌ಪಿಸಿ ಬದಲಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ವಾಯಿದೆಯ ಲೆಕ್ಕ ಅದೇ 6 ತಿಂಗಳು, 1 ವರ್ಷ, 3 ವರ್ಷ. ಈಗ ಅದು 514ನೇ ಕಲಂ. ಆ ದಿನಕ್ಕೆ ಮೊದಲು ನಡೆದ ಅಪರಾಧಕ್ಕೆ ಶಿಕ್ಷೆ ಹಳೆಯ ಐಪಿಸಿ ಪ್ರಕಾರವೇ. ವಾಯಿದೆ ನೋಡುವಾಗ ಲೆಕ್ಕಕ್ಕೆ ಬರುವುದು ನೀವು ದೂರು ಕೊಟ್ಟ ದಿನ, ಕೋರ್ಟು ಅದನ್ನು ಕೈಗೆತ್ತಿಕೊಂಡ ದಿನವಲ್ಲ. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2013ರಲ್ಲಿ ಸಾರಾ ಮ್ಯಾಥ್ಯೂ ಪ್ರಕರಣದಲ್ಲಿ ಹೀಗೆ ಹೇಳಿತು, ಹೊಸ ಸಂಹಿತೆ ಅದನ್ನು ಬರೆದೇ ಸೇರಿಸಿದೆ. ಅಪರಾಧಿ ಯಾರೆಂದು ಗೊತ್ತಿಲ್ಲದಿದ್ದರೆ ಗೊತ್ತಾದ ದಿನದಿಂದ ಲೆಕ್ಕ. ತಡಕ್ಕೆ ಸರಿಯಾದ ಕಾರಣವಿದ್ದರೆ ಕೋರ್ಟು ಮನ್ನಿಸಲೂಬಹುದು. ದೂರು ಕೊಟ್ಟರೆ ಪ್ರತಿ ಇಟ್ಟುಕೊಳ್ಳಿ. ಕೊಡಲಾಗದಿದ್ದರೂ ತಾರೀಕು ಹಾಕಿ ಬರೆದಿಡಿ, ಹೆಸರು ಸಮೇತ.

ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಈ ಶುಕ್ರವಾರವೇ ಅವರ ಹತ್ತಿರ ಕೂತು ಮೊಬೈಲಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿ. ಬ್ಯಾರಿಯಲ್ಲೇ ಹೇಳಲಿ. ಒಳ್ಳೆಯದನ್ನೂ ಹೇಳಲಿ, ಕೆಟ್ಟದ್ದನ್ನೂ ಹೇಳಲಿ, ಉಳಿಸಿದವರ ಹೆಸರನ್ನೂ ಹೇಳಲಿ.

ಎರಡು ವರ್ಷದ ನಂತರ ಅದೇ ಮಿಲ್ಲಿಗೆ ಮತ್ತೆ ಕೆಲಸಕ್ಕೆ ಹೋದಾಗ ಲೆಕ್ಕದ ಮೇಜಿನಲ್ಲಿ ಬೇರೆ ಹುಡುಗನಿದ್ದ. ಮುನೀಮ್ ಚಾಚಾ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಅವರ ದೊಡ್ಡಪ್ಪನ ಹೆಸರು ಏನು ಎಂದು ನಾನು ಕೇಳಿಯೇ ಇರಲಿಲ್ಲ.